ಸುಮ್ನೆ ಖುಷಿಗೆ ಕಲಿಯೋಕೆ: ಕೊಳಲೋ, ವೀಣೆಯೋ?

ಪರೀಕ್ಷೆ ಬೇಡ, ವೇದಿಕೆಯೂ ಬೇಡ, ಸಂಜೆ ಹೊತ್ತು ಖುಷಿಗೆ ಅಂತ ಕ್ಲಾಸಿಗೆ ಹೋಗಬೇಕು ಅಂತಿದ್ದೀರಾ? ಖರ್ಚು, ಜಾಗ ನೋಡಿದರೆ ಕೊಳಲೇ ಸಲೀಸು. ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಬ್ಯಾಗಿಗೆ ಹಾಕಿಕೊಂಡು ಹೊರಡಬಹುದು. ವೀಣೆಗೆ ಸಾವಿರಾರು ರೂಪಾಯಿ ಬೇಕು, ಮನೆಯಲ್ಲಿ ಒಂದು ಮೂಲೆಯೂ ಬೇಕು.

ಆದರೆ ಮೊದಲ ದಿನಗಳ ಕಥೆಯೇ ಉಲ್ಟಾ. ವೀಣೆಯ ತಂತಿ ಮೀಟಿದರೆ ಸಾಕು, ನಾದ ಬರುತ್ತದೆ. ತಂತಿಯ ಕೆಳಗೆ 24 ಮೆಟ್ಟಿಲುಗಳು, ಅಂದರೆ ಅಡ್ಡಪಟ್ಟಿಗಳು, ಇರುವುದರಿಂದ ಸ್ವರ ಎಲ್ಲಿದೆ ಅಂತ ಕಣ್ಣಿಗೇ ಕಾಣುತ್ತದೆ. ಕೊಳಲಿನಲ್ಲಿ ತುಟಿ ಚೂರು ಆಚೀಚೆಯಾದರೂ ಬರೀ ಗಾಳಿ. ಹಟಕ್ಕೆ ಬಿದ್ದು ಊದಿದರೆ ತಲೆ ಸುತ್ತುತ್ತದೆ. ಕರ್ನಾಟಕ ಸಂಗೀತದ ಮೊದಲ ಪಾಠವಾದ ಸರಳೆ ವರಸೆ ಶುರುವಾಗುವುದು ಮಾಯಾಮಾಳವಗೌಳ ರಾಗದಲ್ಲಿ, ಅದರ ಕೆಲವು ಸ್ವರಗಳಿಗೆ ತೂತನ್ನು ಅರ್ಧ ಮಾತ್ರ ಮುಚ್ಚಬೇಕು. ತಾಳ್ಮೆ ಪರೀಕ್ಷೆ ಆಗುವುದು ಅಲ್ಲೇ.

ವೀಣೆಗೂ ಅದರದೇ ಕಾಟ ಇದೆ. ಎಡಗೈಯ ತೋರುಬೆರಳು, ನಡುಬೆರಳಿನಲ್ಲಿ ತಂತಿಯ ಗೆರೆ ಮೂಡಿ ಉರಿಯುತ್ತದೆ. ಚಕ್ಕಳಮಕ್ಕಳ ಹಾಕಿ ಕೂರಬೇಕು, ಮಂಡಿ ನೋವಿದ್ದವರು ಯೋಚಿಸಿ. ಅಪಾರ್ಟ್‌ಮೆಂಟಿನವರಿಗೆ ಮಾತ್ರ ವೀಣೆಯೇ ವಾಸಿ, ಸದ್ದು ಪಕ್ಕದ ಮನೆಗೆ ಜಾಸ್ತಿ ಹೋಗುವುದಿಲ್ಲ.

ನನ್ನ ಓಟು ವೀಣೆಗೆ. ಆದರೆ ಆತುರಕ್ಕೆ ಕೊಳ್ಳಬೇಡಿ. ಗುರುಗಳು ಒಪ್ಪಿದರೆ ಅವರ ಮನೆಯ ವೀಣೆಯಲ್ಲೇ ಒಂದು ತಿಂಗಳು ನುಡಿಸಿ ನೋಡಿ. ಕೊಳಲಾದರೆ ಯಾವ ಶ್ರುತಿಯದು (ಆಧಾರ ಸ್ವರದ ಎತ್ತರ) ಬೇಕು ಅಂತ ಕೇಳಿಕೊಂಡೇ ಅಂಗಡಿಗೆ ಹೋಗಿ.