ಯೂಕಾನ್‌ಗೆ ಹೊರಟ ಕ್ಯಾಂಪರ್‌ಗೆ 2 ಕಿಲೋವ್ಯಾಟ್ ಡೀಸೆಲ್ ಹೀಟರ್: ಯಾರಿಗೆ ಬೇಕು, ಎಲ್ಲಿ ಕೈಕೊಡುತ್ತೆ

ಕೆನಡಾದ ಡಾಸನ್ ಕ್ರೀಕ್‌ನಿಂದ ಯೂಕಾನ್ ಪ್ರದೇಶ ಹಾದು ಅಲಾಸ್ಕಾದ ಡೆಲ್ಟಾ ಜಂಕ್ಷನ್‌ವರೆಗೆ ಸುಮಾರು 2,200 ಕಿ.ಮೀ. ಉದ್ದದ ಅಲಾಸ್ಕಾ ಹೆದ್ದಾರಿಗೆ ಕ್ಯಾಂಪರ್ (ಒಳಗೇ ಮಲಗುವಂತೆ ಮಾಡಿದ ವ್ಯಾನ್) ಸಜ್ಜು ಮಾಡುವವರು ಮೊದಲು ಟೈರು ನೋಡುತ್ತಾರೆ, ಆಮೇಲೆ ಹಾಸಿಗೆ, ಹಣ ಉಳಿದರೆ ಹೀಟರ್. ಜುಲೈನಲ್ಲಿ ಹೋಗಿ ಬರುವವರಿಗೆ ಇದು ಸರಿಯೇ. ಮೇ ಆರಂಭದಲ್ಲಿ ಹೊರಡುವವರು, ಸೆಪ್ಟೆಂಬರ್‌ನಲ್ಲಿ ಯೂಕಾನ್‌ನ ಎಲೆಗಳು ಹಳದಿಯಾಗುವುದನ್ನು ನೋಡಲು ಹೋಗುವವರು ಮಾತ್ರ ಈ ಕ್ರಮವನ್ನು ತಿರುಗಿಸಬೇಕು. ಆ ದಿನಗಳಲ್ಲಿ ರಾತ್ರಿ ಸೊನ್ನೆಗಿಂತ ಕೆಳಗಿಳಿಯುವುದು ಮಾಮೂಲು.

ಇಲ್ಲಿ ನೋಡುತ್ತಿರುವುದು 2 ಕಿಲೋವ್ಯಾಟ್ ವರ್ಗದ ಡೀಸೆಲ್ ಏರ್ ಹೀಟರ್. ಮಾದರಿಗೆ ವೆಬಾಸ್ಟೊ ಏರ್ ಟಾಪ್ 2000 ಎಸ್‌ಟಿಸಿ ಇಟ್ಟುಕೊಳ್ಳಬಹುದು. ತೂಕ 2.6 ಕಿಲೋ. ಶಾಖ 0.9ರಿಂದ 2 ಕಿಲೋವ್ಯಾಟ್, ಡೀಸೆಲ್ ಗಂಟೆಗೆ 0.12ರಿಂದ 0.24 ಲೀಟರ್, ಓಡುವಾಗ ವಿದ್ಯುತ್ 14ರಿಂದ 29 ವ್ಯಾಟ್. ಎಬರ್‌ಸ್ಪ್ಯಾಕರ್‌ನ ಏರ್‌ಟ್ರಾನಿಕ್ ಸಣ್ಣ ಮಾದರಿಯ ಅಂಕಿಗಳೂ ಹೆಚ್ಚು ದೂರವಿಲ್ಲ. ಚೀನಾದಿಂದ ಬರುವ ಅಗ್ಗದ ಹೀಟರ್‌ಗಳು ಕೆಲಸ ಮಾಡುವ ರೀತಿಯೂ ಇದೇ. ಪಂಪ್ ತೊಟ್ಟು ತೊಟ್ಟಾಗಿ ಇಂಧನ ಕಳಿಸುತ್ತದೆ, ಗ್ಲೋ ಪಿನ್ ಕೆಂಪಗೆ ಕಾದು ಅದನ್ನು ಹೊತ್ತಿಸುತ್ತದೆ, ಉರಿ ಮುಚ್ಚಿದ ಕೋಣೆಯೊಳಗೇ ಉಳಿಯುತ್ತದೆ. ಆ ಕೋಣೆಯ ಹೊರಮೈ ಸವರಿಕೊಂಡು ಬಂದ ಗಾಳಿ ಮಾತ್ರ ಕ್ಯಾಬಿನ್‌ಗೆ ಬರುತ್ತದೆ. ಹೊಗೆ, ತೇವ ಎರಡೂ ಹೊರಗೆ. ಒಲೆ ಹಚ್ಚಿ ವ್ಯಾನ್ ಬೆಚ್ಚಗೆ ಮಾಡಿಕೊಂಡವರ ಕಿಟಕಿಯಲ್ಲಿ ಬೆಳಗ್ಗೆ ನೀರು ಹರಿಯುತ್ತಿರುತ್ತದೆ. ಇಲ್ಲಿ ಆ ರಗಳೆ ಬಹಳ ಕಡಿಮೆ.

ಖರ್ಚಿನ ಲೆಕ್ಕ ಚಿಕ್ಕದು. ರಾತ್ರಿ ಹತ್ತು ಗಂಟೆ, ಸರಾಸರಿ 0.15 ಲೀಟರ್ ಅಂದರೆ ಒಂದೂವರೆ ಲೀಟರ್ ಡೀಸೆಲ್. ಸರಾಸರಿ 20 ವ್ಯಾಟ್ ಹಿಡಿದರೆ 200 ವ್ಯಾಟ್-ಅವರ್, 12 ವೋಲ್ಟ್ ಬ್ಯಾಟರಿಯಲ್ಲಿ ಸುಮಾರು 17 ಆಂಪಿಯರ್-ಅವರ್. ಹೋಲಿಕೆಗೆ ಗ್ಯಾಸ್ ನೋಡಿ: 9 ಕಿಲೋ ಪ್ರೊಪೇನ್ ಸಿಲಿಂಡರ್‌ನಲ್ಲಿ ಸುಮಾರು 4,30,000 ಬಿಟಿಯು (ಶಾಖದ ಅಳತೆ) ಇರುತ್ತದೆ. ದೊಡ್ಡ ಆರ್‌ವಿಗಳ (ಮನೆಯಂತೆ ಸಜ್ಜಾದ ಗಾಡಿಗಳ) ಗಂಟೆಗೆ 16,000 ಬಿಟಿಯು ಫರ್ನೇಸ್‌ನ ಬರ್ನರ್ ಒಟ್ಟು 27 ಗಂಟೆ ಉರಿದರೆ ಅದು ಖಾಲಿ. ಬಂಕ್ ಇರುವ ಕಡೆಯೆಲ್ಲ ಪ್ರೊಪೇನ್ ಸಿಗುವುದಿಲ್ಲ, ಡೀಸೆಲ್ ಸಿಗುತ್ತದೆ. ಡೀಸೆಲ್ ಹೀಟರ್ ಪರವಾದ ವಾದದಲ್ಲಿ ನಿಜವಾದ ತೂಕ ಇರುವುದು ಇದಕ್ಕೇ.

ಹಾಗಾದರೆ ಕೈಕೊಡುವುದು ಎಲ್ಲಿ? ಬಹುತೇಕ ಸಲ ಹೀಟರ್‌ನಲ್ಲಲ್ಲ, ಅದಕ್ಕೆ ಹೋಗುವ ತಂತಿ ಮತ್ತು ಪೈಪಿನಲ್ಲಿ.

ತಂತಿಯನ್ನೇ ನೋಡಿ. ಓಡುವಾಗ 20 ವ್ಯಾಟ್ ಸಾಕಾದರೂ ಹೊತ್ತಿಕೊಳ್ಳುವ ಮೊದಲ ಒಂದೆರಡು ನಿಮಿಷ ಗ್ಲೋ ಪಿನ್ 10 ಆಂಪಿಯರ್ ಹತ್ತಿರ ಎಳೆಯುತ್ತದೆ. ಬ್ಯಾಟರಿಯಿಂದ ಹೀಟರ್‌ಗೆ ಹೋಗಿ ಬರುವ ತಂತಿ ಒಟ್ಟು 10 ಮೀಟರ್, ದಪ್ಪ 1.5 ಚದರ ಮಿ.ಮೀ. ಇದ್ದರೆ ದಾರಿಯಲ್ಲೇ 1.15 ವೋಲ್ಟ್ ಸೋರಿಹೋಗುತ್ತದೆ. ಚಳಿಯಲ್ಲಿ ಬ್ಯಾಟರಿ 11.8ಕ್ಕೆ ಕುಸಿದಿದ್ದರೆ ಹೀಟರ್‌ಗೆ ಸಿಗುವುದು 10.65. ಅಷ್ಟು ಹೊತ್ತಿಗೆ ಅದು 'ವೋಲ್ಟೇಜ್ ಕಮ್ಮಿ' ಎಂದು ಮುಷ್ಕರ ಹೂಡುವ ಅಂಚಿಗೆ ಬಂದಿರುತ್ತದೆ. ಅದೇ ಉದ್ದಕ್ಕೆ 4 ಚದರ ಮಿ.ಮೀ. ತಂತಿ ಹಾಕಿದರೆ ನಷ್ಟ 0.43 ವೋಲ್ಟ್ ಮಾತ್ರ. ಮನೆ ಅಂಗಳದಲ್ಲಿ ಒಂದೇ ಸಲಕ್ಕೆ ಹೊತ್ತಿಕೊಂಡ ಹೀಟರ್ ಹೆದ್ದಾರಿಯಲ್ಲಿ ಫೋರ್ಟ್ ನೆಲ್ಸನ್ ಊರು ದಾಟಿದ ಮೇಲೆ ಹಟ ಹಿಡಿಯುವುದಕ್ಕೆ ಸಾಮಾನ್ಯ ಕಾರಣ ಇದು. ಅಳೆಯುವುದಾದರೆ ಪಿನ್ ಕಾಯುತ್ತಿರುವಾಗಲೇ, ಹೀಟರ್‌ನ ಕನೆಕ್ಟರ್ ಹತ್ತಿರ ಅಳೆಯಬೇಕು. ಬ್ಯಾಟರಿ ತುದಿಯಲ್ಲಿ ಅಳೆದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ.

ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಇದ್ದವರಿಗೆ ಇನ್ನೊಂದು ಮಾತು. ಸೊನ್ನೆಗಿಂತ ಕೆಳಗೆ ಅದು ಕರೆಂಟ್ ಕೊಡುತ್ತದೆ, ಆದರೆ ಚಾರ್ಜ್ ಮಾಡಬಾರದು. ಅದರ ಜಾಗ ಬಿಸಿಗಾಳಿ ತಾಗುವ ಕ್ಯಾಬಿನ್ ಒಳಗೆ, ಚಾಸಿಯ ಕೆಳಗಲ್ಲ.

ಪೈಪಿನ ತಕರಾರು ಇನ್ನೂ ಸೂಕ್ಷ್ಮ. ಒಳವ್ಯಾಸ 2 ಮಿ.ಮೀ. ಇರುವ ಗಟ್ಟಿ ನೈಲಾನ್ ಪೈಪೇ ಬೇಕು. ಅಗ್ಗದ ಕಿಟ್‌ಗಳ ಜೊತೆ ಬರುವ ಮೆತ್ತನೆಯ, ಅಗಲದ ಪೈಪಿನಲ್ಲಿ ಗಾಳಿಗುಳ್ಳೆ ನಿಲ್ಲುತ್ತದೆ. ಗುಳ್ಳೆ ಬಂದಾಗಲೆಲ್ಲ ಉರಿ ತಡವರಿಸುತ್ತದೆ, ಹೊಗೆ ಬಿಳಿಯಾಗುತ್ತದೆ. ರಬ್ಬರ್ ತೋಳಿನೊಳಗೆ ಎರಡು ಪೈಪಿನ ತುದಿಗಳು ಒಂದಕ್ಕೊಂದು ಮುಟ್ಟಿರಬೇಕು. ನಡುವೆ ಕಡಲೆಕಾಳಿನಷ್ಟು ಜಾಗ ಬಿಟ್ಟರೂ ಅಲ್ಲೊಂದು ಗುಳ್ಳೆ ಕಾಯಂ ಬಿಡಾರ ಹೂಡುತ್ತದೆ. ಪಂಪನ್ನು ಅಡ್ಡ ಮಲಗಿಸಬೇಡಿ. ಇಂಧನ ಹೊರಬೀಳುವ ತುದಿ ಮೇಲಕ್ಕಿರಲಿ, ಕನಿಷ್ಠ 15 ಡಿಗ್ರಿ ಓರೆ. ರಬ್ಬರ್ ಹಿಡಿಕೆಯಲ್ಲಿ ತೂಗುಹಾಕದಿದ್ದರೆ ಅದರ ಟಿಕ್ ಟಿಕ್ ಸದ್ದು ರಾತ್ರಿಯಿಡೀ ಹಾಸಿಗೆಗೆ ಕೇಳುತ್ತದೆ.

ಟ್ಯಾಂಕಿನೊಳಗಿನ ಕೊಳವೆಯನ್ನು ಸಾಮಾನ್ಯವಾಗಿ ಕಾಲು ಟ್ಯಾಂಕ್ ಮಟ್ಟಕ್ಕೆ ಕತ್ತರಿಸುತ್ತಾರೆ. ಹೀಟರ್ ಇಂಧನವೆಲ್ಲ ಕುಡಿದು ಗಾಡಿ ನಡುದಾರಿಯಲ್ಲಿ ನಿಲ್ಲಬಾರದು ಎಂಬ ಮುಂಜಾಗ್ರತೆ ಅದು. ಇದು ಗೊತ್ತಿಲ್ಲದವರು ಕಾಲು ಟ್ಯಾಂಕ್‌ನಲ್ಲಿ ಮಲಗಿ, ನಡುರಾತ್ರಿ ಹೀಟರ್ ಆರಿದಾಗ ಯಂತ್ರವೇ ಕೆಟ್ಟಿತೆಂದು ಬಿಚ್ಚಲು ಕೂರುತ್ತಾರೆ. ಫೋರ್ಟ್ ನೆಲ್ಸನ್‌ನಿಂದ ವಾಟ್ಸನ್ ಲೇಕ್‌ಗೆ 500 ಕಿ.ಮೀ. ಮೇಲಿದೆ. ಅಲ್ಲಿ ಅರ್ಧ ಟ್ಯಾಂಕ್ ಆದಕೂಡಲೇ ತುಂಬಿಸುವ ರೂಢಿ ಎಂಜಿನ್‌ಗೂ ಒಳ್ಳೆಯದು, ನಿದ್ದೆಗೂ ಒಳ್ಳೆಯದು.

ದಕ್ಷಿಣದಲ್ಲಿ ಬೆಚ್ಚಗಿದ್ದಾಗ ತುಂಬಿಸಿದ ಡೀಸೆಲ್ ಉತ್ತರದ ಕಡುಚಳಿಯಲ್ಲಿ ಮೇಣಗಟ್ಟುತ್ತದೆ. ಎಂಜಿನ್‌ಗಿಂತ ಮೊದಲು ಕಟ್ಟಿಕೊಳ್ಳುವುದು ಹೀಟರ್‌ನ ಸಪೂರ ಪೈಪು ಮತ್ತು ಪಂಪಿನ ಜಾಲರಿ. ಚಳಿಗಾಲದ ಡೀಸೆಲ್ ಮಾರುವ ಊರು ಬರುವಷ್ಟರಲ್ಲಿ ಹಳೆಯದನ್ನು ಸಾಧ್ಯವಾದಷ್ಟು ಓಡಿಸಿ ಮುಗಿಸಿ, ಹೊಸದನ್ನು ತುಂಬಿಸಿ. ಮೇಣಗಟ್ಟದಂತೆ ತಡೆಯುವ ಔಷಧವನ್ನು ಮೊದಲೇ ಹಾಕಬೇಕು. ಗಟ್ಟಿಯಾದ ಮೇಲೆ ಸುರಿದರೆ ದಂಡ.

ಎತ್ತರದ ವಿಷಯ ಅನಗತ್ಯವಾಗಿ ಚರ್ಚೆಯಾಗುತ್ತದೆ. 1,500 ಮೀಟರ್ ದಾಟಿದರೆ ಗಾಳಿ ತೆಳುವಾಗಿ ಮಸಿ ಹೆಚ್ಚುತ್ತದೆ, ಅದಕ್ಕೆ ಬೇರೆ ಕಿಟ್ ಇದೆ, ನಿಜ. ಆದರೆ ಅಲಾಸ್ಕಾ ಹೆದ್ದಾರಿಯ ಅತ್ಯಂತ ಎತ್ತರದ ಜಾಗ ಸಮ್ಮಿಟ್ ಪಾಸ್ ಇರುವುದು 1,295 ಮೀಟರ್‌ನಲ್ಲಿ. ಈ ದಾರಿಗಾಗಿಯೇ ಕಿಟ್‌ಗೆ ದುಡ್ಡು ಸುರಿಯಬೇಕಿಲ್ಲ.

ಇಲ್ಲಿ ಮಸಿ ಕಟ್ಟುವುದು ಬೇರೆ ಕಾರಣಕ್ಕೆ: ಅಳತೆಗೆ ಮೀರಿದ ಹೀಟರ್. ಚೆನ್ನಾಗಿ ಇನ್ಸುಲೇಷನ್ ಮಾಡಿದ ಆರು ಮೀಟರ್ ವ್ಯಾನ್‌ಗೆ 2 ಕಿಲೋವ್ಯಾಟ್ ಧಾರಾಳ. 'ಉತ್ತರಕ್ಕೆ ತಾನೇ, ಇರಲಿ' ಎಂದು 5 ಕಿಲೋವ್ಯಾಟ್‌ನದು ಹಾಕಿದರೆ ಅದು ರಾತ್ರಿಯೆಲ್ಲ ಕನಿಷ್ಠ ಉರಿಯಲ್ಲೇ ಮುಲುಗುತ್ತದೆ. ತಣ್ಣನೆಯ ಉರಿಯಲ್ಲಿ ಇಂಧನ ಪೂರ್ತಿ ಸುಡದೆ ಕೋಣೆಯ ಗೋಡೆಗೆ ಮಸಿ ಮೆತ್ತುತ್ತದೆ, ಕೆಲವೇ ವಾರಗಳಲ್ಲಿ ಹೊತ್ತಿಕೊಳ್ಳಲು ತಿಣುಕತೊಡಗುತ್ತದೆ. 2 ಕಿಲೋವ್ಯಾಟ್‌ನದನ್ನೂ ವಾರಕ್ಕೊಮ್ಮೆಯಾದರೂ ಬಾಗಿಲು ತೆರೆದಿಟ್ಟು 20–30 ನಿಮಿಷ ಪೂರ್ತಿ ಉರಿಯಲ್ಲಿ ಓಡಿಸಬೇಕು. ಆರಿಸುವಾಗ ಸ್ವಿಚ್‌ನಿಂದಲೇ ಆರಿಸಿ. ಮುಖ್ಯ ವಿದ್ಯುತ್ ಕಿತ್ತುಹಾಕಿದರೆ ಫ್ಯಾನ್ ನಿಂತು, ಕಾದ ಕೋಣೆ ತಣಿಯಲು ದಾರಿಯಿಲ್ಲದೆ ಒಳಗಿನ ಭಾಗಗಳು ಹಾಳಾಗುತ್ತವೆ.

ಹೊಗೆಕೊಳವೆಯ ವಿಷಯದಲ್ಲಿ ರಾಜಿ ಬೇಡ. ಅದರ ಒಂದು ಜೋಡಣೆಯೂ ಕ್ಯಾಬಿನ್ ಒಳಗೆ ಇರಬಾರದು. ತುದಿ ಗಾಡಿಯ ಅಂಚಿನವರೆಗೆ ಬರಲಿ, ಕಿಟಕಿ, ಬಾಗಿಲು ಮತ್ತು ಹೀಟರ್‌ನ ಗಾಳಿ ಸೇದುವ ಕೊಳವೆಯಿಂದ ದೂರವಿರಲಿ. ಹಿಮ ಬಿದ್ದ ರಾತ್ರಿ ಎದ್ದು ತುದಿ ನೋಡಬೇಕು. ಕಾರ್ಬನ್ ಮೊನಾಕ್ಸೈಡ್ ಅಲಾರಂ ಇಲ್ಲದೆ ಇದನ್ನು ಹಚ್ಚಿ ಮಲಗುವವರಿಗೆ ಹೇಳಲು ಏನೂ ಉಳಿದಿಲ್ಲ. ಬಂಕ್‌ಗೆ ತಿರುಗುವ ಮೊದಲು ಹೀಟರ್ ಆರಿಸಿ. ತಣಿಯಲು ಕೆಲವು ನಿಮಿಷ ಬೇಕು.

ಯಾರು ಕೊಳ್ಳಬಾರದು? ಜೂನ್‌ನಿಂದ ಆಗಸ್ಟ್‌ವರೆಗೆ ಡಾಂಬರು ರಸ್ತೆಯಲ್ಲೇ ಹೋಗುವ, ಪ್ರೊಪೇನ್ ಫರ್ನೇಸ್ ಈಗಾಗಲೇ ಇರುವ ಆರ್‌ವಿಯವರು. ಪೆಟ್ರೋಲ್ ವ್ಯಾನ್‌ನವರು ಎರಡು ಸಲ ಯೋಚಿಸಲಿ: ಡೀಸೆಲ್ ಹೀಟರ್‌ಗೆ ಬೇರೆ ಟ್ಯಾಂಕ್ ಹೊರಬೇಕಾಗುತ್ತದೆ. ವೆಬಾಸ್ಟೊ ಇದೇ ಹೀಟರನ್ನು ಪೆಟ್ರೋಲ್‌ಗೂ ಮಾಡುತ್ತದೆ, ಅವರಿಗೆ ಅದು ವಾಸಿ. ಅಗ್ಗದ ಚೀನಾ ಕಿಟ್ ಕೊಳ್ಳಲೇಬಾರದು ಎನ್ನುವಂತಿಲ್ಲ. ಅದರ ಪೈಪು, ತಂತಿ, ಹೊಗೆಕೊಳವೆ ಕ್ಲಾಂಪ್‌ಗಳನ್ನು ಎಸೆದು ಒಳ್ಳೆಯವನ್ನು ಹಾಕುವ ತಾಳ್ಮೆ ಇದ್ದವರಿಗೆ ಅದು ಓಡುತ್ತದೆ. ಬಿಡಿಭಾಗ ಸಿಗುವ ಖಾತ್ರಿಗೆ ದುಡ್ಡು ಕೊಡಲು ಸಿದ್ಧರಿದ್ದವರು ಹೆಸರುವಾಸಿ ಕಂಪನಿಯದನ್ನೇ ಆರಿಸಲಿ.

ಹೊಸದಾಗಿ ಕೂರಿಸಿದ ಮೇಲೆ ಖಾಲಿ ಪೈಪಿನಲ್ಲಿ ಇಂಧನ ಬರುವಷ್ಟರಲ್ಲಿ ಎರಡು ಮೂರು ಪ್ರಯತ್ನ ಸೋಲುವುದು ಸಹಜ. ಪದೇ ಪದೇ ಸೋತರೆ ಹೀಟರ್ ತನಗೆ ತಾನೇ ಬೀಗ ಹಾಕಿಕೊಳ್ಳುತ್ತದೆ. ಅದನ್ನು ಬಿಡಿಸುವ ಕ್ರಮವನ್ನು ಕೈಪಿಡಿಯಿಂದ ಬರೆದು ಗಾಡಿಯಲ್ಲಿ ಅಂಟಿಸಿ, ಅಲ್ಲಿ ನೆಟ್‌ವರ್ಕ್ ಇರುವುದಿಲ್ಲ. ಮೊದಲ ಉರಿಯಲ್ಲಿ ಬಣ್ಣ ಸುಟ್ಟ ವಾಸನೆ ಬರುತ್ತದೆ. ಒಂದು ಗಂಟೆ ಪೂರ್ತಿ ಉರಿಯಲ್ಲಿ, ಒಳಗೆ ಯಾರೂ ಇಲ್ಲದೆ ಓಡಿಸಿ.

ಯೂಕಾನ್‌ನಿಂದ ಇನ್ನೂ ಉತ್ತರಕ್ಕೆ ಹೋಗುವ ಡೆಂಪ್‌ಸ್ಟರ್ ಹೆದ್ದಾರಿ ಕಡೆ ತಿರುಗುವ ಯೋಚನೆಯಿದ್ದರೆ ಎಲ್ಲ ರಿಪೇರಿಯನ್ನೂ ಯೂಕಾನ್‌ನ ರಾಜಧಾನಿ ವೈಟ್‌ಹಾರ್ಸ್‌ನಲ್ಲೇ ಮುಗಿಸಿಕೊಳ್ಳಿ. ಡೆಂಪ್‌ಸ್ಟರ್ ಶುರುವಾದ ಮೇಲೆ ಮೊದಲ ಇಂಧನ 369 ಕಿ.ಮೀ. ದೂರದ ಈಗಲ್ ಪ್ಲೇನ್ಸ್‌ನಲ್ಲಿ. ಅಲ್ಲಿನ ಜಲ್ಲಿ ರಸ್ತೆಯ ಕೆಸರು ಹೊಗೆಕೊಳವೆ, ಗಾಳಿಕೊಳವೆ ಎರಡರ ಬಾಯಿಗೂ ಮೆತ್ತಿ ಒಣಗುತ್ತದೆ, ಸಂಜೆ ಗಾಡಿ ನಿಲ್ಲಿಸಿದಾಗ ಬೆರಳು ಹಾಕಿ ತೆಗೆಯಬೇಕು. ಜೊತೆಗೆ ಇರಬೇಕಾದ್ದು ಒಂದು ಗ್ಲೋ ಪಿನ್, ಅದರ ಜಾಲರಿ, ಬರ್ನರ್ ಗ್ಯಾಸ್ಕೆಟ್, ಸರಿಯಾದ ಆಂಪಿಯರ್‌ನ ನಾಲ್ಕು ಫ್ಯೂಸ್, ಅರ್ಧ ಮೀಟರ್ ನೈಲಾನ್ ಪೈಪು, ಎರಡು ರಬ್ಬರ್ ತೋಳು. ಪಿನ್ ಬಿಚ್ಚುವ ಸ್ಪ್ಯಾನರ್ ಕೆಲವು ಮಾದರಿಗಳಿಗೆ ಬೇರೆಯೇ ಇರುತ್ತದೆ, ಅದನ್ನೂ ಪಿನ್ ಜೊತೆಗೇ ಕಟ್ಟಿಡಿ.