ಒಂದೇ ದಾರಿ, ಎರಡು ಸಲ: ಲ್ಯಾಪ್‌ಟಾಪ್ ಹೊತ್ತು ಹೋದದ್ದು, ಫೋನ್ ಮಾತ್ರ ಹಿಡಿದು ಹೋದದ್ದು

ದಾವಣಗೆರೆಯಲ್ಲಿ ನನ್ನದೊಂದು ಚಿಕ್ಕ ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಬಿಲ್ ಬುಕ್, ಗೃಹಪ್ರವೇಶದ ಕಾರ್ಡು, ಶಾಲೆಯ ಪ್ರಶ್ನೆಪತ್ರಿಕೆ ಇವೇ ಕೆಲಸ. ದಿನವಿಡೀ ‘ನುಡಿ’ ಅನ್ನುವ ಕನ್ನಡ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡುವ ಕೈ ಇದು. ಹಾಗಾಗಿ ರಜೆಗೆ ಎಲ್ಲಿಗೆ ಹೋದರೂ ಲ್ಯಾಪ್‌ಟಾಪ್ ಜೊತೆಗೇ ಬರುತ್ತಿತ್ತು. ಅದನ್ನು ಬಿಟ್ಟು ಹೋಗಬಹುದು ಅನ್ನುವ ಯೋಚನೆಯೇ ಬಂದಿರಲಿಲ್ಲ.

2024ರ ದಸರಾಕ್ಕೆ ನಾನು, ಯಜಮಾನರು, ಏಳನೇ ಕ್ಲಾಸಿನ ಮಗಳು ಮೂರು ದಿನ ಚಿತ್ರದುರ್ಗ, ಹಿರಿಯೂರು ಕಡೆ ಹೋಗಿದ್ದೆವು. ಆಯುಧ ಪೂಜೆಗೆ ಅಂಗಡಿಯ ಕಂಪ್ಯೂಟರ್, ಪ್ರಿಂಟರ್‌ಗೆಲ್ಲ ಕುಂಕುಮ ಹಚ್ಚಿದ್ದೆ. ಮರುದಿನ ಕುಂಕುಮದ ಬೊಟ್ಟು ಇನ್ನೂ ಇದ್ದ ಲ್ಯಾಪ್‌ಟಾಪನ್ನು ಬ್ಯಾಗಿಗೆ ಹಾಕಿಕೊಂಡು ಬಸ್ ಹತ್ತಿದೆ. ಮುಂದೆ 2025ರ ಜನವರಿಯಲ್ಲಿ ಹಿರಿಯೂರಿನ ವಾಣಿ ವಿಲಾಸ ಸಾಗರ ಜಲಾಶಯ ತುಂಬಿ ಕೋಡಿ ಬಿತ್ತು. ಸಂಕ್ರಾಂತಿ ರಜೆ ಬೇರೆ. ಅದೇ ದಾರಿಯಲ್ಲಿ ಮತ್ತೆ ಮೂರು ದಿನ ಹೊರಟೆವು. ಈ ಸಲ ಲ್ಯಾಪ್‌ಟಾಪ್ ಅಂಗಡಿಯ ಬೀರುವಿನಲ್ಲೇ ಉಳಿಯಿತು. ಊರು ಅದೇ, ಲಾಡ್ಜು ಅದೇ, ಬಸ್ಸೂ ಅದೇ. ಹಾಗಾಗಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಲು ಸುಲಭವಾಯಿತು.

ಮೊದಲು ಭಾರದ ಮಾತು. ನನ್ನ ಲ್ಯಾಪ್‌ಟಾಪ್ ಹಳೆಯದು, ಸುಮಾರು ಎರಡು ಕಿಲೋ. ಚಾರ್ಜರ್, ಮೌಸ್, ಬ್ಯಾಗ್ ಎಲ್ಲ ಸೇರಿದರೆ ಮೂರು ಕಿಲೋ ಹತ್ತಿರ. ಬಸ್ಸಿನಲ್ಲಿ ಇದು ಗೊತ್ತಾಗುವುದಿಲ್ಲ, ದಾವಣಗೆರೆಯಿಂದ ಚಿತ್ರದುರ್ಗ 60 ಕಿ.ಮೀ. ಅಷ್ಟೆ. ಗೊತ್ತಾಗುವುದು ಕೋಟೆ ಹತ್ತುವಾಗ. ಲಾಡ್ಜಿನ ರೂಮಿನ ಬೀಗ ನೋಡಿದ ಮೇಲೆ ಅಲ್ಲಿ ಬಿಟ್ಟು ಹೋಗಲು ಧೈರ್ಯ ಬರಲಿಲ್ಲ. ಅದರಲ್ಲಿ ಎಷ್ಟೋ ಜನರ ಮದುವೆಯ ಫೈಲುಗಳಿದ್ದವು. ಸರಿ, ಬೆನ್ನಿಗೆ ಹಾಕಿಕೊಂಡೇ ಹೊರಟೆ.

ಏಳು ಸುತ್ತಿನ ಕೋಟೆ ಅಂದರೆ ಸುಮ್ನೆ ಅಲ್ಲ. ಒಂದು ಬಾಗಿಲು ದಾಟಿದರೆ ದಾರಿ ತಿರುಗುತ್ತದೆ, ಇನ್ನೊಂದು ದಾಟಿದರೆ ಮತ್ತೆ ತಿರುಗುತ್ತದೆ. ಮದ್ದು ಬೀಸುವ ಕಲ್ಲುಗಳ ಹತ್ತಿರ ನಿಂತಾಗಲೇ ಬೆನ್ನು ಒದ್ದೆ. ಒನಕೆ ಓಬವ್ವನ ಕಿಂಡಿಯಲ್ಲಿ ಮಗಳು ಬಗ್ಗಿ ಸರಕ್ಕನೆ ನುಸುಳಿ ಆ ಕಡೆ ಹೋದಳು. ನಾನು ಬಗ್ಗಿದೆ, ಬ್ಯಾಗ್ ಮೇಲಿನ ಬಂಡೆಗೆ ತಗುಲಿ ನಿಂತಿತು. ಹಿಂದೆ ಜನ ಕಾಯುತ್ತಿದ್ದರು. ಹಿಂದಕ್ಕೆ ಬಂದು, ಬ್ಯಾಗ್ ತೆಗೆದು ಯಜಮಾನರ ಕೈಗೆ ಕೊಟ್ಟು, ಆಮೇಲೆ ನುಸುಳಿದೆ. ಅವರು ಬ್ಯಾಗ್ ಕಾಯುತ್ತಾ ಈ ಕಡೆಯೇ ಉಳಿದರು. ಮೇಲೆ ಕೋತಿಗಳ ಕಾಟ ಬೇರೆ. ಒಂದು ಕೋತಿ ಜಿಪ್ಪಿಗೆ ಕೈ ಹಾಕಿದಾಗ ಜೀವ ಬಾಯಿಗೆ ಬಂದಿತ್ತು. ಹಿಡಿಂಬೇಶ್ವರ ಗುಡಿಯವರೆಗೆ ಹೋಗಿ ಬಂದೆವು, ಅಕ್ಕ ತಂಗಿಯರ ಹೊಂಡದ ಕಡೆ ಹೋಗಲಿಲ್ಲ. ನನಗೆ ಸಾಕಾಗಿತ್ತು.

ಜನವರಿಯಲ್ಲಿ ಅದೇ ಕಿಂಡಿಯಲ್ಲಿ ಮೂವರೂ ಒಬ್ಬರ ಹಿಂದೆ ಒಬ್ಬರು ನುಸುಳಿದೆವು. ಫೋನ್ ಸೊಂಟದ ಚೀಲದಲ್ಲಿತ್ತು. ಗೋಪಾಲಸ್ವಾಮಿ ಹೊಂಡ, ಅಕ್ಕ ತಂಗಿಯರ ಹೊಂಡ, ತಣ್ಣೀರು ದೋಣಿ ಎಲ್ಲ ನೋಡಿದೆವು. ಕೋಟೆ ನೋಡಿದ್ದು ಅಂದರೆ ಇದನ್ನೇ ಅನ್ನಬೇಕು. ಈ ಒಂದು ವಿಷಯದಲ್ಲಿ ಫೋನಿಗೆ ಎದುರೇ ಇಲ್ಲ.

ಇನ್ನು ಕೆಲಸ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ದಸರಾ ಮುಗಿದರೆ ದೀಪಾವಳಿ, ಆಮೇಲೆ ಕಾರ್ತಿಕದ ಮದುವೆಗಳು. ಮೊದಲ ರಾತ್ರಿಯೇ ಒಬ್ಬ ಗಿರಾಕಿ ಫೋನ್ ಮಾಡಿದರು. ‘ಅಕ್ಕಾ, ಸೋದರಮಾವನ ಹೆಸರು ಬಿಟ್ಟುಹೋಗೈತಿ. ಹಾಕ್ಕೊಡ್ರಿ, ಇಲ್ಲಾಂದ್ರೆ ಮದುವೆಗೇ ಬರಲ್ಲ ಅಂತಾರೆ.’ ಲ್ಯಾಪ್‌ಟಾಪ್ ಇದೆ ಅಂತ ನಾನೇ ಹೇಳಿಬಿಟ್ಟೆ. ಒಂದು ಹೆಸರು ಸೇರಿಸುವುದು ಹತ್ತು ನಿಮಿಷದ ಕೆಲಸ. ಆದರೆ ಫೋನಿನ ಹಾಟ್‌ಸ್ಪಾಟ್ ಹಾಕಿದ ಕೂಡಲೇ ವಿಂಡೋಸ್ ತನ್ನ ಅಪ್‌ಡೇಟ್ ಇಳಿಸಿಕೊಳ್ಳಲು ಶುರು ಮಾಡಿತು. ದಿನದ 1.5 ಜಿಬಿ ಡೇಟಾ ಕಣ್ಣೆದುರೇ ಖಾಲಿ. (ಹಾಟ್‌ಸ್ಪಾಟನ್ನು ವೈಫೈ ಸೆಟ್ಟಿಂಗ್‌ನಲ್ಲಿ ‘ಮೀಟರ್ಡ್ ಕನೆಕ್ಷನ್’ ಅಂತ ಗುರುತು ಮಾಡಿಟ್ಟರೆ ಹೀಗೆ ಆಗುವುದು ತಪ್ಪುತ್ತದೆ. ಲ್ಯಾಪ್‌ಟಾಪ್ ಒಯ್ಯುವವರು ಹೊರಡುವ ಮೊದಲೇ ಮಾಡಿಕೊಳ್ಳಿ.) ಯಜಮಾನರ ಫೋನಿನಿಂದ ಕಳಿಸಿ ಮುಗಿಸುವಾಗ ಹನ್ನೊಂದು ಗಂಟೆ. ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯ ಬಗ್ಗೆ ಕಥೆ ಹೇಳು ಅಂತ ಕಾಯುತ್ತಿದ್ದ ಮಗಳು ನಿದ್ದೆ ಹೋಗಿದ್ದಳು. ಮರುದಿನ ಇನ್ನಿಬ್ಬರು ಫೋನ್ ಮಾಡಿದರು. ‘ಲ್ಯಾಪ್‌ಟಾಪ್ ತಂದೀರಂತೆ’ ಅನ್ನುವ ಸುದ್ದಿ ಅಷ್ಟು ಬೇಗ ಹಬ್ಬಿತ್ತು.

ಜನವರಿಯಲ್ಲೂ ಫೋನ್ ಬಂತು. ಈ ಸಲ ನಾನು ಮಾಡಲು ಸಾಧ್ಯವೇ ಇರಲಿಲ್ಲ. ಗಿರಾಕಿ ಕಳಿಸಿದ್ದು ನುಡಿಯ ಹಳೆಯ ಆಸ್ಕಿ ಅಕ್ಷರದ ವರ್ಡ್ ಫೈಲು. ಫೋನಿನಲ್ಲಿ ತೆರೆದರೆ ಕನ್ನಡದ ಒಂದಕ್ಷರವೂ ಇಲ್ಲ, ಬರೀ ಇಂಗ್ಲಿಷ್ ಅಕ್ಷರ, ಪ್ರಶ್ನೆಚಿಹ್ನೆ, ಗೀಟು. ಫೋನಿಗೆ ಗೊತ್ತಿರುವುದು ಯುನಿಕೋಡ್, ಅಂದರೆ ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಇರುವ ಪದ್ಧತಿ ಮಾತ್ರ. ಈ ಹಳೆಯ ಫೈಲುಗಳಲ್ಲಿ ಕನ್ನಡ ಇರುವುದು ಆ ಫಾಂಟಿನಲ್ಲಿ, ಫಾಂಟ್ ಇಲ್ಲದಿದ್ದರೆ ಕನ್ನಡವೂ ಇಲ್ಲ. ಅದಕ್ಕೇ ಅಂಗಡಿಯ ಹುಡುಗಿಗೆ ಫೋನ್ ಮಾಡಿ, ಪಿಡಿಎಫ್ ಕಳಿಸಲು ಹೇಳಿ, ತಪ್ಪಿದ ಜಾಗಕ್ಕೆ ಬೆರಳಿನಿಂದ ಕೆಂಪು ಸುತ್ತು ಹಾಕಿ ವಾಪಸ್ ಕಳಿಸಿದೆ. ಹನ್ನೆರಡು ನಿಮಿಷದಲ್ಲಿ ಮುಗಿಯಿತು. ಇಷ್ಟು ವರ್ಷ ಇದನ್ನು ಯಾಕೆ ಮಾಡಲಿಲ್ಲ ಅನ್ನಿಸಿತು.

ಆದರೆ ಇದರಲ್ಲೇ ಫೋನ್ ನನಗೆ ನಷ್ಟ ಮಾಡಿಸಿತು. ಫೋನಿನ ಪರದೆಯಲ್ಲಿ ಇಡೀ ಲಗ್ನಪತ್ರಿಕೆ ಒಂದೇ ನೋಟಕ್ಕೆ ಕಾಣುತ್ತದೆ. ಹಾಗಾಗಿ ಎಲ್ಲ ಓದಿದ್ದೇನೆ ಅಂತ ನಂಬಿಕೆ ಬಂದುಬಿಡುತ್ತದೆ. ‘ಮುಹೂರ್ತ’ ಅನ್ನುವುದು ‘ಮೂಹೂರ್ತ’ ಆಗಿತ್ತು. ಒಂದು ದೀರ್ಘ. ಅಂಗಡಿಯ ದೊಡ್ಡ ಪರದೆಯಲ್ಲಾಗಿದ್ದರೆ ಅದು ಕಣ್ಣಿಗೆ ಚುಚ್ಚುತ್ತಿತ್ತು. 150 ಕಾರ್ಡು ನನ್ನ ಖರ್ಚಿನಲ್ಲೇ ಮತ್ತೆ ಅಚ್ಚು ಹಾಕಿಸಿದೆ. ಕನ್ನಡದ ಒತ್ತಕ್ಷರ, ದೀರ್ಘ, ಅರ್ಕಾವತ್ತುಗಳನ್ನು ತಿದ್ದುವ ಕೆಲಸವನ್ನು ಫೋನಿನಲ್ಲಿ ಮಾಡಬಾರದು. ಮಾಡಲೇಬೇಕಾದರೆ ಹಿಗ್ಗಿಸಿ, ಒಂದೊಂದೇ ಸಾಲು ಓದಬೇಕು.

ಬರೆಯುವುದರಲ್ಲಿ ಮಾತ್ರ ಎರಡಕ್ಕೂ ಅದರದರ ಜಾಗ ಇದೆ. ನಾನು ಪ್ರತಿ ಪ್ರವಾಸದಲ್ಲೂ ದಿನಚರಿ ಬರೆಯುತ್ತೇನೆ. ಲ್ಯಾಪ್‌ಟಾಪಿನಲ್ಲಿ ಹತ್ತೂ ಬೆರಳು ಓಡುತ್ತವೆ, ಕಣ್ಣು ಮುಚ್ಚಿಕೊಂಡೂ ಟೈಪ್ ಮಾಡಬಲ್ಲೆ. ಆದರೆ ಕೂರಬೇಕು, ಮೇಜು ಬೇಕು, ರಾತ್ರಿ ಆಗಬೇಕು. ರಾತ್ರಿ ಆಗುವಷ್ಟರಲ್ಲಿ ಅರ್ಧ ಮರೆತಿರುತ್ತೇನೆ. ಫೋನಿನಲ್ಲಿ ಮಾತಾಡಿದರೆ ಸಾಕು, ಅದೇ ಬರೆದುಕೊಳ್ಳುತ್ತದೆ. ಚಂದ್ರವಳ್ಳಿಯಲ್ಲಿ ಕದಂಬರ ಮಯೂರಶರ್ಮನ ಬಂಡೆಗಲ್ಲಿನ ಶಾಸನ ಇದೆಯಲ್ಲ, ಅದರ ಮುಂದೆ ನಿಂತೇ ಮಗಳು ಕೇಳಿದ ಪ್ರಶ್ನೆಗಳನ್ನೆಲ್ಲ ಹೇಳಿ ಬರೆಸಿದೆ. ಅದು ಕನ್ನಡದಲ್ಲಿಲ್ಲ, ಪ್ರಾಕೃತದಲ್ಲಿದೆ, ಲಿಪಿ ಬ್ರಾಹ್ಮಿ ಅಂದಾಗ ಅವಳು, ‘ಹಂಗಾದ್ರೆ ಇದೂ ಬೇರೆ ಫಾಂಟಾ?’ ಅಂತ ಕೇಳಿದಳು. ಲ್ಯಾಪ್‌ಟಾಪ್ ಆಗಿದ್ದರೆ ಈ ಮಾತು ರಾತ್ರಿಯವರೆಗೆ ನೆನಪಿರುತ್ತಿರಲಿಲ್ಲ. ನಮ್ಮ ಕಡೆಯ ಮಾತು ಫೋನಿಗೆ ಪೂರ್ತಿ ಹಿಡಿಯುವುದಿಲ್ಲ. ‘ಹಿಡಿಂಬೇಶ್ವರ’ ಅಂದರೆ ಎರಡು ತುಂಡು ಮಾಡುತ್ತದೆ, ಪೂರ್ಣವಿರಾಮ ನಾವೇ ಹಾಕಬೇಕು. ಅದನ್ನು ಮನೆಗೆ ಬಂದು ತಿದ್ದಿದರಾಯಿತು.

ಫೋಟೊ ವಿಷಯದಲ್ಲಿ ನನಗೆ ಲ್ಯಾಪ್‌ಟಾಪೇ ಇಷ್ಟ. ದಸರಾದಲ್ಲಿ ಎರಡನೇ ರಾತ್ರಿ ಎಲ್ಲ ಫೋಟೊ ಅದಕ್ಕೆ ಹಾಕಿ, ಮೂವರೂ ಮಂಚದ ಮೇಲೆ ಕೂತು ನೋಡಿದೆವು. ಮಸುಕಾದದ್ದನ್ನು ಅಲ್ಲೇ ಅಳಿಸಿದೆವು. ಜನವರಿಯಲ್ಲಿ ಆ ಖುಷಿ ಇರಲಿಲ್ಲ, ಒಬ್ಬರ ಕೈಯಿಂದ ಒಬ್ಬರು ಫೋನ್ ಕಿತ್ತುಕೊಂಡು ನೋಡಬೇಕಾಯಿತು. ಜಾಗದ್ದೂ ತೊಂದರೆ. ನನ್ನ ಫೋನಿನಲ್ಲಿ 4ಕೆ ವಿಡಿಯೊ ಒಂದು ನಿಮಿಷಕ್ಕೆ ಸುಮಾರು 350 ಎಂಬಿ ತಿನ್ನುತ್ತದೆ. ಗೂಗಲ್ ಫೋಟೋಸ್‌ನಲ್ಲಿ ಪುಕ್ಕಟೆ ಸಿಗುವುದು 15 ಜಿಬಿ, ಅದರಲ್ಲೂ ಜಿಮೇಲ್ ಪಾಲು ಇದೆ. ಇದಕ್ಕೆ ನಾನು ಕಂಡುಕೊಂಡ ದಾರಿ ಎರಡು ಬಾಯಿಯ ಪೆನ್‌ಡ್ರೈವ್, ಒಂದು ಕಡೆ ಟೈಪ್ ಸಿ, ಇನ್ನೊಂದು ಕಡೆ ಮಾಮೂಲಿ ಯುಎಸ್‌ಬಿ. ಫೋನಿಗೇ ಚುಚ್ಚಿ ಪ್ರತಿ ರಾತ್ರಿ ಕಾಪಿ ಮಾಡಿದೆ. ಇದು ಎಷ್ಟು ಉಪಯೋಗಕ್ಕೆ ಬಂತು ಅನ್ನುವುದನ್ನು ಮುಂದೆ ಹೇಳುತ್ತೇನೆ.

ಚಾರ್ಜಿನ ಬಗ್ಗೆ ಒಂದೆರಡು ಮಾತು ಸಾಕು. ನನ್ನ ಲ್ಯಾಪ್‌ಟಾಪಿಗೆ ಗೋಡೆಯ ಸಾಕೆಟ್ಟೇ ಬೇಕು, ಲಾಡ್ಜಿನಲ್ಲಿ ಇದ್ದದ್ದು ಬಾಗಿಲ ಪಕ್ಕ ಒಂದೇ. ಫೋನಿಗೆ 10,000 ಎಂಎಎಚ್ ಪವರ್ ಬ್ಯಾಂಕ್ ಸಾಕಾಯಿತು. ಆದರೆ 5,000 ಎಂಎಎಚ್‌ನ ಫೋನನ್ನು ಅದು ಎರಡು ಸಲ ತುಂಬುತ್ತದೆ ಅಂತ ಲೆಕ್ಕ ಹಾಕಬೇಡಿ. ವೋಲ್ಟೇಜ್ ಏರಿಸುವಾಗ, ಬಿಸಿಯಾಗುವಾಗ ಒಂದಷ್ಟು ಹೋಗುತ್ತದೆ, ಒಂದೂಕಾಲು ಸಲ ತುಂಬಿದರೆ ಹೆಚ್ಚು.

ಈಗ ವಾಣಿ ವಿಲಾಸ ಸಾಗರದ ದಿನ. ನಮ್ಮ ಹಿರಿಯರು ಮಾರಿಕಣಿವೆ ಅಂತಲೇ ಅನ್ನುತ್ತಾರೆ. ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಕಟ್ಟಿ ಮುಗಿಸಿದ್ದು. 130 ಅಡಿ ತುಂಬಿದರೆ ಕೋಡಿ. ಮೊದಲು ಕೋಡಿ ಬಿದ್ದದ್ದು 1933ರಲ್ಲಿ, ಆಮೇಲೆ 89 ವರ್ಷ ಬಿಟ್ಟು 2022ರಲ್ಲಿ, ಮೂರನೆಯದು ನಾವು ಹೋದ 2025ರ ಜನವರಿಯಲ್ಲಿ. ಬಯಲುಸೀಮೆಯವರಿಗೆ ನೀರು ಹರಿಯುವುದನ್ನು ನೋಡುವುದು ಅಂದರೆ ಏನು ಅಂತ ಹೊರಗಿನವರಿಗೆ ಹೇಳಿ ತಿಳಿಸುವುದು ಕಷ್ಟ. ಮುದುಕರು ಕೈ ಮುಗಿಯುತ್ತಿದ್ದರು. ಹೆಂಗಸರು ಬಾಗಿನ ಬಿಡುತ್ತಿದ್ದರು. ಜಾತ್ರೆಯ ಹಾಗೆ ಜನ.

ಅಷ್ಟು ಜನ ಸೇರಿದರೆ ನೆಟ್‌ವರ್ಕ್ ನಿಲ್ಲುವುದಿಲ್ಲ. ಸೌತೆಕಾಯಿ ಮಾರುವ ಅಜ್ಜಿಯ ಹತ್ತಿರ ಮೂರು ತಗೊಂಡು ಸ್ಕ್ಯಾನ್ ಮಾಡಿದೆ. ಚಕ್ರ ತಿರುಗುತ್ತಲೇ ಇತ್ತು. ‘ಇರ್ಲಿ ಬಿಡವ್ವ, ತಿನ್ನು’ ಅಂದರು ಅಜ್ಜಿ. ಯಜಮಾನರ ಜೇಬಿನಲ್ಲಿ ನೂರರ ನೋಟು ಇತ್ತು, ಮಾನ ಉಳಿಯಿತು. ಆಮೇಲೆ ಹತ್ತು ನಿಮಿಷ ಆಗಿರಲಿಲ್ಲ. ನೀರು ಬೀಳುವುದನ್ನು ವಿಡಿಯೊ ಮಾಡುತ್ತಿದ್ದೆ, ಹಿಂದಿನಿಂದ ಯಾರದೋ ಭುಜ ತಗುಲಿತು. ಫೋನ್ ಕೈಜಾರಿ ಕಲ್ಲಿನ ಮೆಟ್ಟಿಲ ಮೇಲೆ ಮುಖ ಕೆಳಗಾಗಿ ಬಿತ್ತು. ಎತ್ತಿದರೆ ಪರದೆಯ ಒಂದು ಅರ್ಧ ಕಪ್ಪು, ಇನ್ನೊಂದು ಅರ್ಧ ಹಸಿರು ಗೆರೆ. ಬೆರಳಿಟ್ಟರೆ ಏನೂ ಆಗದು.

ಆ ಹೊತ್ತಿಗೆ ಏನೇನು ಹೋಯಿತು ಅಂತ ಲೆಕ್ಕ ಹಾಕಿದೆ. ದುಡ್ಡು, ನಕ್ಷೆ, ಕ್ಯಾಮೆರಾ, ಗಿರಾಕಿಗಳ ನಂಬರು, ದಿನಚರಿ. ನನಗೆ ಬಾಯಿಪಾಠ ಇದ್ದದ್ದು ಯಜಮಾನರ ನಂಬರು, ಅಮ್ಮನ ನಂಬರು, ಎರಡೇ. ಅಂಗಡಿಯ ಹುಡುಗಿಯ ನಂಬರೂ ಗೊತ್ತಿಲ್ಲ! ದಸರಾದಲ್ಲಿ ಹೀಗಾಗಿದ್ದರೆ ಏನಾಗುತ್ತಿತ್ತು? ಲ್ಯಾಪ್‌ಟಾಪಿನಲ್ಲಿ ವಾಟ್ಸಾಪ್ ಜೋಡಿಸಿದ್ದೆ. ಫೋನ್ ಆಫ್ ಆದರೂ ಜೋಡಿಸಿದ ಲ್ಯಾಪ್‌ಟಾಪಿನಲ್ಲಿ ಅದು 14 ದಿನದವರೆಗೆ ನಡೆಯುತ್ತದೆ. ನಂಬರುಗಳು ಸಿಗುತ್ತಿದ್ದವು, ಫೋಟೊ ಅದರಲ್ಲಿರುತ್ತಿತ್ತು, ಗಿರಾಕಿಗಳಿಗೆ ಒಂದು ಮಾತು ಹೇಳಬಹುದಿತ್ತು. ಅಂದರೆ ಇಷ್ಟು ವರ್ಷ ಲ್ಯಾಪ್‌ಟಾಪ್ ನನಗೆ ಪ್ರವಾಸದಲ್ಲಿ ಮಾಡಿಕೊಡುತ್ತಿದ್ದ ದೊಡ್ಡ ಉಪಕಾರ ಅದರ ಪರದೆಯದ್ದೂ ಅಲ್ಲ, ಕೀಲಿಮಣೆಯದ್ದೂ ಅಲ್ಲ. ಅದು ಎರಡನೆಯದಾಗಿ ಜೊತೆಗಿತ್ತು, ಅಷ್ಟೆ. ಒಂದು ಕೆಟ್ಟರೆ ಇನ್ನೊಂದು.

ಸೀರೆಯ ಪಿನ್ನು ತೆಗೆದು ಅದರ ಮೊನೆಯಿಂದ ಸಿಮ್ಮಿನ ಬಾಗಿಲು ಚುಚ್ಚಿ ತೆರೆದೆ. ಯಜಮಾನರ ಫೋನಿನ ಎರಡನೇ ಜಾಗದಲ್ಲಿ ನನ್ನ ಸಿಮ್ ಕೂತಿತು. ಕರೆ, ಬ್ಯಾಂಕಿನ ಒಟಿಪಿ ಬರತೊಡಗಿದವು. ಆಧಾರ್ ಕಾರ್ಡ್ ಪರ್ಸಿನಲ್ಲೇ ಇತ್ತು. ಫೋನಿನಲ್ಲಿದೆ ಅಂತ ಮನೆಯಲ್ಲಿ ಬಿಟ್ಟಿದ್ದರೆ ವಾಪಸ್ ಬರುವ ಬಸ್ಸಿನಲ್ಲಿ ಶಕ್ತಿ ಟಿಕೆಟ್ ಸಿಗದೆ ದುಡ್ಡು ಕೊಡಬೇಕಾಗುತ್ತಿತ್ತು. ಹಿಂದಿನ ಎರಡು ರಾತ್ರಿಯ ಫೋಟೊ ಪೆನ್‌ಡ್ರೈವಿನಲ್ಲಿ ಭದ್ರ. ಪರದೆ ಬದಲಾಯಿಸಿದ ಮೇಲೆ ಆ ದಿನದ ವಿಡಿಯೊ ಕೂಡ ಸಿಕ್ಕಿತು. ಕೊನೆಯಲ್ಲಿ ನೀರು, ಆಮೇಲೆ ಆಕಾಶ, ಆಮೇಲೆ ಕಲ್ಲು.

ಇಷ್ಟಾದ ಮೇಲೂ ನಾನು ಲ್ಯಾಪ್‌ಟಾಪ್ ಕಡೆಗೆ ವಾಪಸ್ ಹೋಗಲಿಲ್ಲ. ಮೂರು ದಿನ, ನಾಲ್ಕು ದಿನದ ಪ್ರವಾಸಕ್ಕೆ ಅದು ಬೇಡ ಅಂತಲೇ ನನ್ನ ಅನುಭವ. ಡಿಜಿಟಲ್ ಸಹಿಯ ಟೋಕನ್ ಬೇಕಾಗುವವರು, ದೊಡ್ಡ ಎಕ್ಸೆಲ್ ಹಾಳೆ ತಿದ್ದಬೇಕಾದವರು, ಹದಿನೈದು ದಿನ ಊರು ಬಿಡುವವರು ಒಯ್ಯಲಿ, ಅವರಿಗೆ ಬೇರೆ ದಾರಿ ಇಲ್ಲ. ಉಳಿದವರು ಆ ಮೂರು ಕಿಲೋ ಬದಲು 200 ಗ್ರಾಮಿನ ಇನ್ನೊಂದು ಫೋನ್ ಒಯ್ಯುವುದು ಮೇಲು. ಮನೆಯ ಡ್ರಾಯರಿನಲ್ಲಿ ಎಲ್ಲರ ಹತ್ತಿರವೂ ಒಂದು ಹಳೆಯ ಫೋನ್ ಬಿದ್ದಿರುತ್ತದೆ ಅಲ್ವಾ? ನನ್ನ ಹಳೆಯದಕ್ಕೆ ಈಗ ವಾಟ್ಸಾಪ್ ಜೋಡಿಸಿದ್ದೇನೆ, ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ನಕ್ಷೆಯನ್ನು ಆಫ್‌ಲೈನ್ ಇಳಿಸಿಟ್ಟಿದ್ದೇನೆ.

ಬೇಸಿಗೆ ರಜೆಗೆ ಸೂಳೆಕೆರೆ, ಸಂತೇಬೆನ್ನೂರಿನ ಪುಷ್ಕರಣಿ ಅಂತ ಮಾತಾಗಿದೆ. ಚೀಲಕ್ಕೆ ಹಾಕುವುದು ಎರಡು ಫೋನ್, ಪವರ್ ಬ್ಯಾಂಕ್, ಪೆನ್‌ಡ್ರೈವ್, ನೂರು ಇನ್ನೂರರ ನೋಟಿನಲ್ಲಿ ಎರಡು ಸಾವಿರ ರೂಪಾಯಿ. ಜೊತೆಗೆ ಒಂದು ಪಾಕೆಟ್ ಪುಸ್ತಕ. ಅದರಲ್ಲಿ ಮಗಳು ಹದಿನೇಳು ನಂಬರುಗಳನ್ನು ದುಂಡಗೆ ಬರೆದುಕೊಟ್ಟಿದ್ದಾಳೆ. ಮೊದಲನೆಯದು ಅಂಗಡಿಯ ಹುಡುಗಿಯದು.