ಕೆಂಪು ನೆಲದ ಕೋಣೆಗೆ ಕೆನೆ ಬಿಳಿಯಾ, ನವಿಲು ನೀಲಿಯಾ?

ಉಡುಪಿಯ ನಮ್ಮ ಮನೆಯ ಮಲಗುವ ಕೋಣೆಗೆ ಇರುವುದು ಒಂದೇ ಕಿಟಕಿ, ಅದೂ ಉತ್ತರಕ್ಕೆ. ನೆಲ ಹಳೇ ರೆಡ್ ಆಕ್ಸೈಡ್. ಗಂಡನಿಗೆ ಕೆನೆ ಬಿಳಿ ಬೇಕು, ನನಗೆ ನವಿಲು ನೀಲಿ. ಸುಮ್ನೆ ಜಗಳ ಯಾಕೆ ಅಂತ ಎರಡನ್ನೂ ಸಣ್ಣ ಡಬ್ಬಿಯಲ್ಲಿ ತರಿಸಿದೆ. ದೊಡ್ಡ ಡ್ರಾಯಿಂಗ್ ಶೀಟಿಗೆ ಹೊಡೆದು, ಒಣಗಿದ ಮೇಲೆ ಒಂದೊಂದು ಗೋಡೆಗೂ ಅಂಟಿಸಿ ನೋಡಿದೆವು.

ಕೆನೆ ಬಿಳಿ ಅಂಗಡಿಯ ಶೇಡ್ ಕಾರ್ಡಿನಲ್ಲಿ ಚೆನ್ನಾಗಿತ್ತು. ಇಲ್ಲಿ ಬೆಳಿಗ್ಗೆ ಮಂಕಾಗಿ, ಬೂದು ಬೂದಾಗಿ ಕಾಣುತ್ತದೆ. ಉತ್ತರದ ಬೆಳಕೇ ಹಾಗೆ, ನೇರ ಬಿಸಿಲು ಕಡಿಮೆ. ಮಜಾ ಇರುವುದು ನೆಲದ ಹತ್ತಿರ. ಕೆಂಪು ಪ್ರತಿಫಲಿಸಿ ಶೀಟಿನ ಕೆಳಗಿನ ಒಂದಡಿ ತಿಳಿ ಗುಲಾಬಿಯಾಗಿತ್ತು. "ಕುಂಕುಮದ ಕೈ ಒರೆಸಿದ ಹಾಗುಂಟು ಮಾರಾಯ್ತಿ" ಅಂದರು ಅತ್ತೆ. ನನಗೇನೋ ಅದು ಇಷ್ಟವಾಯಿತು. ಎಷ್ಟು ಮಂಕಾದರೂ ನೀಲಿಗಿಂತ ಕೋಣೆ ಬೆಳಗುವುದಂತೂ ಕೆನೆ ಬಿಳಿಯಿಂದಲೇ.

ನವಿಲು ನೀಲಿ ಆ ಕೆಂಪು ನೆಲದ ಪಕ್ಕದಲ್ಲಿ ಎದ್ದು ಕಾಣುತ್ತದೆ, ನೆಲವೂ ಹೊಸದಾಗಿ ಪಾಲಿಶ್ ಮಾಡಿದಂತೆ ಅನಿಸುತ್ತದೆ. ಆದರೆ ರಾತ್ರಿ ಬೇರೆಯೇ ಕಥೆ. 2700 ಕೆಲ್ವಿನ್‌ನ (ಬೆಳಕು ಹಳದಿಯೋ ಬಿಳಿಯೋ ಅಂತ ಹೇಳುವ ಅಳತೆ) ಹಳದಿ ಬಲ್ಬಿಗೆ ಹಸಿರಿಗೆ ವಾಲುತ್ತದೆ, 6500ರ ಬಿಳಿ ಟ್ಯೂಬಿಗೆ ತಣ್ಣಗಿನ ನೀಲಿಯೇ. ಬಣ್ಣ ಆರಿಸುವ ಮೊದಲು ಬಲ್ಬ್ ಯಾವುದು ಅಂತ ತೀರ್ಮಾನ ಮಾಡಿಕೊಳ್ಳಿ. ಹೊಳಪಿಲ್ಲದ ಮ್ಯಾಟ್ ಫಿನಿಶ್ ಆದರೆ ಇನ್ನೊಂದು ತೊಂದರೆ: ಕೈ ತಾಗಿದಲ್ಲಿ, ಬಟ್ಟೆಯಲ್ಲಿ ಉಜ್ಜಿದಲ್ಲಿ ಹೊಳೆಯುವ ಕಲೆ ಉಳಿಯುತ್ತದೆ. ಮಕ್ಕಳಿರುವ ಮನೆಗೆ ತುಸು ಹೊಳಪಿರುವ ಸ್ಯಾಟಿನ್ ಫಿನಿಶ್ ವಾಸಿ.

ನೀಲಿಯನ್ನು ನಾಲ್ಕೂ ಗೋಡೆಗೆ ನಾನಂತೂ ಹೊಡೆಸಲ್ಲ. ಕಿಟಕಿಯ ಎದುರಿನ ಗೋಡೆ ಬೆಳಕನ್ನು ಒಳಗೆ ಹಂಚುವ ಜಾಗ, ಅಲ್ಲಿ ಗಾಢ ಬಣ್ಣ ಬಂದರೆ ಹಗಲಲ್ಲೂ ಲೈಟ್ ಹಾಕಬೇಕಾಗುತ್ತದೆ. ಕಿಟಕಿ ಇರುವ ಗೋಡೆಗೂ ಬೇಡ. ಕಪ್ಪಗಿನ ಗೋಡೆಯ ನಡುವೆ ಕಿಟಕಿ ಕಣ್ಣಿಗೆ ಚುಚ್ಚುತ್ತದೆ. ಇನ್ನು ನಮ್ಮ ಕರಾವಳಿಯ ಮಳೆ ಗೊತ್ತಲ್ವಾ? ಹೊರಗೋಡೆ ತೇವ ಹೀರಿ ಉಪ್ಪು ಬಿಟ್ಟರೆ ಬಿಳಿಯ ಮೇಲೆ ಅಷ್ಟಾಗಿ ಗೊತ್ತಾಗಲ್ಲ, ನೀಲಿಯ ಮೇಲೆ ಒಂದೊಂದು ಚುಕ್ಕೆಯೂ ಕಾಣುತ್ತದೆ.

ಹಾಗಾಗಿ ಮಂಚದ ತಲೆಭಾಗದ ಒಳಗೋಡೆಗೆ ಮಾತ್ರ ನೀಲಿ, ಉಳಿದ ಮೂರಕ್ಕೂ, ಸೀಲಿಂಗಿಗೂ ಕೆನೆ ಬಿಳಿ. ಗಂಡನಿಗೆ ಮೂರು ಗೋಡೆ ಸಿಕ್ಕಿತು, ಬಂದವರೆಲ್ಲ ನೋಡುವುದು ಮಾತ್ರ ನನ್ನದನ್ನೇ.